ಕಲ್ಲಿನ ಕೊಡುಗೆ, ಕಾಗದದ ಇನಾಮು: ಸುರಪುರದ 1858 ಮತ್ತು ಸರ್ಕಾರಿ ಜಾಹೀರುಗಳನ್ನು ಓದುವ ಬಗೆ

ಶಾಸನ ಅಂದ್ರೆ ಏನು ಅಂತ ಯಾರಾದ್ರೂ ಕೇಳಿದರೆ ನಾನು ಕೊಡುವ ಸರಳ ಉತ್ತರ ಇದು: ಊರವರೆಲ್ಲ ನೋಡಲಿ, ಮುಂದಿನವರೂ ನೋಡಲಿ ಅಂತ ಹಾಕಿಸಿದ ನೋಟಿಸು. ತಾಮ್ರಪಟಗಳ ಮಾತು ಬೇರೆ ಬಿಡಿ. ಅವು ಪಡೆದವನ ಮನೆಯ ಪೆಟ್ಟಿಗೆಯಲ್ಲಿ ಇರುವ ಹಕ್ಕುಪತ್ರ. ಆದರೆ ಗುಡಿಯ ಮುಂದೆ, ಕೆರೆ ಏರಿಯ ಮೇಲೆ, ಅಗಸಿ ಬಾಗಿಲ ಬಳಿ ನಿಂತ ಕಲ್ಲುಗಳೆಲ್ಲ ಸಾರ್ವಜನಿಕ ಪ್ರಕಟಣೆಗಳೇ. ಹೊರಡಿಸಿದವರು ಯಾರು, ಯಾರಿಗೆ ಏನು ಕೊಟ್ಟರು, ಎಷ್ಟು ದಿನ ನಡೆಯಬೇಕು, ತಪ್ಪಿದವರಿಗೆ ಏನಾಗುತ್ತದೆ, ಇಷ್ಟನ್ನು ಹೇಳದೆ ಅವು ಬಿಡುವುದಿಲ್ಲ.

ಇದೇ ಚೌಕಟ್ಟನ್ನು ಹತ್ತೊಂಬತ್ತನೇ ಶತಮಾನದ ಜಾಹೀರುನಾಮೆಗಳಿಗೆ, ಇಶ್ತಿಹಾರುಗಳಿಗೆ ಹಚ್ಚಿ ನೋಡಿದರೆ ಏನು ಕಾಣುತ್ತದೆ? ಅದರಲ್ಲೂ "ಇಂಥವನನ್ನು ಹಿಡಿದುಕೊಟ್ಟವರಿಗೆ ಇಷ್ಟು ಇನಾಮು" ಅನ್ನುವ ಕಾಗದಗಳಿಗೆ? ಈ ಪ್ರಶ್ನೆ ನಮ್ಮ ಕಡೆಯವರಿಗೆ ಬರೀ ಪುಸ್ತಕದ ಪ್ರಶ್ನೆಯಲ್ಲ. ಭೀಮರಾಯನಗುಡಿಯಿಂದ ದಕ್ಷಿಣಕ್ಕೆ ಹೋದರೆ ಸಿಗುವ ಸುರಪುರ ಸಂಸ್ಥಾನ 1858ರಲ್ಲಿ ಬಂಡೆದ್ದಿತು, ಮತ್ತು ಆಮೇಲೆ ಅದೇ ಒಂದು ಇನಾಮಾಗಿ ಕೈ ಬದಲಿಸಿತು. ಆ ಕಥೆಗೆ ಬರುವ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗೋಣ.

ಭೀಮೆಯ ದಂಡೆಯ ಮೊದಲ ನೋಟಿಸು

ನಮ್ಮ ಭಾಗದ ಅತಿ ಹಳೆಯ ಸರ್ಕಾರಿ ಪ್ರಕಟಣೆ ಇರುವುದು ಸನ್ನತಿಯಲ್ಲಿ. ಭೀಮಾ ನದಿಯ ದಂಡೆಯ ಈ ಊರಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ದೇವರ ಪೀಠವಾಗಿ ಬಳಸಿದ್ದ ಒಂದು ಚಪ್ಪಡಿಯ ಮೇಲೆ ಅಶೋಕನ ಬರಹ ಇರುವುದು 1989ರಲ್ಲಿ ಬೆಳಕಿಗೆ ಬಂತು. ಅದರ ಒಂದು ಮೈಯಲ್ಲಿ ಹನ್ನೆರಡನೇ ಮತ್ತು ಹದಿನಾಲ್ಕನೇ ಬಂಡೆಶಾಸನ, ಇನ್ನೊಂದು ಮೈಯಲ್ಲಿ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಗೊತ್ತಿದ್ದ ಪ್ರತ್ಯೇಕ ಶಾಸನಗಳು.

ಆ ಪ್ರತ್ಯೇಕ ಶಾಸನಗಳ ಧೌಲಿ ಪಾಠದಲ್ಲಿ ನಮಗೆ ಬೇಕಾದ ಒಂದು ಮಾತಿದೆ. ತಿಷ್ಯ ನಕ್ಷತ್ರದ ದಿನಗಳಲ್ಲಿ ಇದನ್ನು ಓದಿ ಕೇಳಿಸಬೇಕು, ನಡುನಡುವೆಯೂ ಸಮಯ ಸಿಕ್ಕಾಗ ಕೇಳಿಸಬಹುದು ಎಂಬ ಸೂಚನೆ ಅದು. ಅಂದ್ರೆ ಕಲ್ಲಿನಲ್ಲಿ ಕೆತ್ತಿದ್ದು ಮೂಲ ಪ್ರತಿ. ಜನರಿಗೆ ಮುಟ್ಟಿದ್ದು ಬಾಯಿಮಾತಿನಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ಚಾವಡಿಯ ಮುಂದೆ ಹಲಗೆ ಬಾರಿಸಿ ಡಂಗುರ ಸಾರಿದ್ದೂ ಇದೇ ಕ್ರಮ. ಓದು ಬಲ್ಲವರು ಬೆರಳೆಣಿಕೆಯ ಜನ ಇದ್ದ ಕಾಲದಲ್ಲಿ ಬರಹ ಸಾಕ್ಷಿಗೆ, ದನಿ ಸುದ್ದಿಗೆ.

ಇನ್ನೊಂದು ಕಡೆ ಮಸ್ಕಿ. ಅಲ್ಲಿಯ ಅಶೋಕ ಶಾಸನವನ್ನು 1915ರಲ್ಲಿ ಕಂಡವರು ಸಿ. ಬೀಡನ್, ನಿಜಾಮ ಸಂಸ್ಥಾನದ ಚಿನ್ನದ ಗಣಿಯ ಎಂಜಿನಿಯರು. ನಮ್ಮಂಥ ಎಂಜಿನಿಯರುಗಳು ಈ ಕ್ಷೇತ್ರಕ್ಕೆ ಕಾಲಿಟ್ಟರೆ ಹುಬ್ಬೇರಿಸುವವರಿಗೆ ನಾನು ಹೇಳುವ ಹೆಸರು ಇದು!

ಕಲ್ಲಿನ ಮೇಲಿನ ಬಹುಮಾನ

ಕನ್ನಡ ಶಾಸನಗಳಲ್ಲಿ ರಾಜನ ಬಹುಮಾನಕ್ಕೆ ಮೊದಲಿಂದಲೂ ಜಾಗವಿದೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳಿ. ಕನ್ನಡದ ಮೊದಲ ಶಾಸನ ಅಂತ ನಾವೆಲ್ಲ ಹೆಮ್ಮೆಯಿಂದ ಹೇಳುವ ಆ ಕಲ್ಲಿನ ವಿಷಯ ಏನು? ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು "ಬಾಳ್ಗಳ್ಚು" ಆಗಿ ಕೊಟ್ಟದ್ದು. ಬಾಳ್ ಅಂದ್ರೆ ಕತ್ತಿ, ಕಳ್ಚು ಅಂದ್ರೆ ತೊಳೆಯುವುದು. ನೆತ್ತರಾದ ಕತ್ತಿಯನ್ನು ತೊಳೆದು ಕೊಟ್ಟ ದತ್ತಿ. ಕನ್ನಡದ ಮೊದಲ ದೊಡ್ಡ ದಾಖಲೆಯೇ ಒಂದು ಸರ್ಕಾರಿ ಬಹುಮಾನದ ಪ್ರಕಟಣೆ.

ಐದುನೂರು ವರ್ಷದ ನಂತರದ ಆತಕೂರು ಶಾಸನ ಇನ್ನೂ ಸ್ಪಷ್ಟ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗನಿಗೆ ರಾಷ್ಟ್ರಕೂಟ ಮೂರನೇ ಕೃಷ್ಣ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಕೊಟ್ಟ. ಬೂತುಗ ತನ್ನ ಬಂಟ ಮಣಲೆರನಿಗೆ ಆತುಕೂರು 12 ಮತ್ತು ಬೆಳ್ವೊಲದ ಕಾದಿಯೂರನ್ನು ಕೊಟ್ಟ. ಮಣಲೆರ ಬೇಡಿ ಪಡೆದಿದ್ದ ಕಾಳಿ ಎಂಬ ನಾಯಿ ಹಂದಿಯ ಜೊತೆ ಹೋರಾಡಿ ಎರಡೂ ಸತ್ತಾಗ, ಆ ನಾಯಿಗೂ ಕಲ್ಲು ನಿಂತು ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪ ಎಂಬ ಷರತ್ತೂ ಇದೆ. ಚಕ್ರವರ್ತಿಯಿಂದ ನಾಯಿಯವರೆಗೆ ಬಹುಮಾನದ ಇಡೀ ಸರಪಳಿ ಒಂದೇ ಕಲ್ಲಿನಲ್ಲಿ!

ಹೋರಾಡಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿ ನೆತ್ತರುಗೊಡಗೆ. ಕೆರೆ ಕಟ್ಟಿದವರಿಗೆ, ದುರಸ್ತಿ ಮಾಡಿದವರಿಗೆ ಬಿಟ್ಟದ್ದು ಕಟ್ಟುಗೊಡಗೆ. ಕೆರೆಯ ಆರೈಕೆಗೆ ಬಿತ್ತುವಟ್ಟ. ನೀರಾವರಿ ಕಾಲುವೆಗಳ ನಡುವೆ ಬದುಕುವ ನಮಗೆ ಈ ಕೊನೆಯ ಎರಡು ಶಬ್ದಗಳ ಅರ್ಥ ಬೇಗ ಆಗುತ್ತದೆ: ಮಾಡಿದ ಕೆಲಸಕ್ಕೆ ಸಂದಾಯ ಮತ್ತು ಮುಂದಿನ ನಿರ್ವಹಣೆಗೆ ಅನುದಾನ.

ಇವುಗಳಲ್ಲಿ ಸಾಮಾನ್ಯವಾದ ನಾಲ್ಕು ಗುಣಗಳನ್ನು ಗುರುತು ಹಾಕಿಕೊಳ್ಳಿ. ಒಂದು, ಕೆಲಸ ಮುಗಿದ ಮೇಲೆ ಬಹುಮಾನ. ಎರಡು, ಪಡೆದವನ ಹೆಸರು ಊರಿಗೆಲ್ಲ ಗೊತ್ತಾಗುವಂತೆ ಇದೆ, ಅದು ಗೌರವ. ಮೂರು, ಕೊಟ್ಟದ್ದು ಭೂಮಿ, ಊರು, ಆದಾಯ. ಅದು ವಂಶಕ್ಕೆ ಹರಿಯುತ್ತದೆ. ನಾಲ್ಕು, ಸೂರ್ಯ ಚಂದ್ರರು ಇರುವ ತನಕ ಎಂಬ ಅವಧಿ. ಮುರಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ.

ಕಾಗದದ ಮೇಲಿನ ಇನಾಮು

ಈಗ 1858ರ ಕಾಗದಗಳಿಗೆ ಬನ್ನಿ. ಬಿಹಾರದ ಜಗದೀಶಪುರದ ಕುಂವರ್ ಸಿಂಗ್ ಮೇಲೆ 1858ರ ಏಪ್ರಿಲ್ 12ರಂದು ಹೊರಟ ಪ್ರಕಟಣೆ ಈ ಜಾತಿಗೆ ಒಳ್ಳೆ ಮಾದರಿ. ಅವರನ್ನು ಜೀವಂತವಾಗಿ ಹಿಡಿದು ಯಾವುದಾದರೂ ಬ್ರಿಟಿಷ್ ಸೇನಾ ಠಾಣೆಗೆ ಅಥವಾ ಶಿಬಿರಕ್ಕೆ ಒಪ್ಪಿಸಿದವರಿಗೆ 25,000 ರೂಪಾಯಿ. ಅಷ್ಟೇ ಅಲ್ಲ, ಒಪ್ಪಿಸಿದವನು ತಾನೇ ಬಂಡಾಯಗಾರನಾಗಿದ್ದರೂ, ಕೆಲವು ಅಪವಾದ ಬಿಟ್ಟು, ಅವನಿಗೆ ಕ್ಷಮೆ.

ನಾನಾ ಸಾಹೇಬನ ತಲೆಗೆ ಒಂದು ಲಕ್ಷ ರೂಪಾಯಿ. ಫೈಜಾಬಾದಿನ ಮೌಲವಿ ಅಹ್ಮದುಲ್ಲಾ ಶಾಹನಿಗೆ 50,000. ನಮ್ಮ ಕಡೆಗೆ ಬಂದರೆ, 1857ರ ಜುಲೈ 17ರಂದು ಹೈದರಾಬಾದಿನ ರೆಸಿಡೆನ್ಸಿಯ ಮೇಲೆ ನಡೆದ ದಾಳಿಯ ಮುಂದಾಳು ತುರ್ರೇಬಾಜ್ ಖಾನ್. ಸೆರೆಯಿಂದ 1859ರ ಜನವರಿಯಲ್ಲಿ ತಪ್ಪಿಸಿಕೊಂಡಾಗ ಆತನ ಮೇಲೆ 5,000 ರೂಪಾಯಿ ಇನಾಮು ಬಿತ್ತು.

ಈ ಮೊತ್ತಗಳು ಎಷ್ಟು ದೊಡ್ಡವು ಅಂತ ತಿಳಿಯಲು ಒಂದು ಅಳತೆಗೋಲು ಬೇಕು. ಕಂಪನಿಯ ಸಿಪಾಯಿಯ ತಿಂಗಳ ಸಂಬಳ 7 ರೂಪಾಯಿ. ಆ ಲೆಕ್ಕದಲ್ಲಿ 5,000 ರೂಪಾಯಿ ಅಂದ್ರೆ ಒಬ್ಬ ಸಿಪಾಯಿಯ ಸುಮಾರು 60 ವರ್ಷದ ದುಡಿಮೆ. 25,000 ಅಂದ್ರೆ ಸುಮಾರು 300 ವರ್ಷ. 50,000ಕ್ಕೆ 600 ವರ್ಷದ ಹತ್ತಿರ. ಒಂದು ಲಕ್ಷಕ್ಕೆ 1,190 ವರ್ಷ. ಜಾಹೀರು ಓದಿ ಕೇಳಿಸಿಕೊಂಡ ಸಾಮಾನ್ಯನಿಗೆ ಅದು ಎಣಿಸಿ ಮುಗಿಯದ ದುಡ್ಡು.

ಕೆಲಸ ಆಯಿತೇ? ಲೆಕ್ಕ ನೋಡಿ. ನಾನಾ ಸಾಹೇಬ ಸಿಗಲೇ ಇಲ್ಲ. ಕುಂವರ್ ಸಿಂಗ್ ಏಪ್ರಿಲ್ 23ರಂದು ಜಗದೀಶಪುರದ ಬಳಿ ಗೆದ್ದು, ಮೂರು ದಿನದ ನಂತರ ತನ್ನ ನೆಲದಲ್ಲೇ ಗಾಯದಿಂದ ತೀರಿಕೊಂಡರು. ಇನಾಮಿನ ಕಾಗದ ಹೊರಟು ಎರಡು ವಾರ, ಕೇಳಲು ಯಾರೂ ಬರಲಿಲ್ಲ. ಮೌಲವಿಯನ್ನು ಮಾತ್ರ ಪೋವಾಯಾಂ ರಾಜನ ಕಡೆಯವರು 1858ರ ಜೂನ್‌ನಲ್ಲಿ ಕೊಂದರು, ರಾಜ 50,000 ಎಣಿಸಿಕೊಂಡ. ತುರ್ರೇಬಾಜ್ ಖಾನ್ ತಪ್ಪಿಸಿಕೊಂಡ ಕೆಲವೇ ದಿನಗಳಲ್ಲಿ ತೂಪ್ರಾನ್ ಬಳಿ ಗುಂಡಿಗೆ ಬಲಿಯಾದ.

ಈಗ ಕಲ್ಲಿನ ನಾಲ್ಕು ಗುಣಗಳ ಪಕ್ಕ ಇದನ್ನಿಡಿ. ಎಲ್ಲವೂ ತಿರುವುಮುರುವು! ಕೆಲಸ ಆಗುವ ಮುಂಚೆಯೇ ಬಹುಮಾನ ಗೊತ್ತು. ಪಡೆಯುವವನ ಹೆಸರು ಖಾಲಿ, ಯಾರು ಬೇಕಾದರೂ ಆಗಬಹುದು. ಹೆಸರು ಇರುವುದು ಬೇಟೆಗೆ ಗುರಿಯಾದವನದು. ಕೊಡುವುದು ಭೂಮಿಯಲ್ಲ, ರೊಕ್ಕ. ಅವಧಿ ಸೂರ್ಯ ಚಂದ್ರರ ತನಕ ಅಲ್ಲ, ಆತ ಸಿಗುವ ತನಕ. ಸಿಕ್ಕ ಮರುದಿನ ಆ ಕಾಗದ ರದ್ದಿ.

ನಮ್ಮ ಕಚೇರಿ ಭಾಷೆಯಲ್ಲಿ ಹೇಳಬೇಕಂದ್ರೆ, ಹಲ್ಮಿಡಿ ಆತಕೂರುಗಳು ಕೆಲಸ ಮುಗಿದ ಮೇಲಿನ ಫೈನಲ್ ಬಿಲ್ಲು. 1858ರ ಜಾಹೀರುಗಳು ಟೆಂಡರ್ ನೋಟಿಸು. ಬಿಲ್ಲು ಆದದ್ದನ್ನು ಹೇಳುತ್ತದೆ. ಟೆಂಡರು ಆಗದೇ ಇರುವುದನ್ನು ಹೇಳುತ್ತದೆ. ಹಾಗಾಗಿ ಇನಾಮಿನ ಜಾಹೀರನ್ನು ಇತಿಹಾಸದ ಆಕರವಾಗಿ ಓದುವಾಗ ಮೊದಲು ಹಿಡಿಯಬೇಕಾದ ಎಳೆ ಇದು: ಸರ್ಕಾರಕ್ಕೆ ತಾನಾಗಿ ಮಾಡಲಾಗದ ಕೆಲಸ ಯಾವುದು ಎಂಬುದನ್ನು ಅದು ತನ್ನ ಕೈಯಾರೆ ಬರೆದುಕೊಟ್ಟಿದೆ. ಮೊತ್ತ ದೊಡ್ಡದಾದಷ್ಟೂ ಕೈಲಾಗದತನ ದೊಡ್ಡದು.

ಇನಾಮಿಲ್ಲದ ಹುಕುಮು: ಹಲಗಲಿ

ಎಲ್ಲ ಜಾಹೀರುಗಳೂ ದುಡ್ಡು ತೋರಿಸಲಿಲ್ಲ. ಬರೀ ಬೆದರಿಸಿದವೂ ಇದ್ದವು. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಅಂಥದ್ದು: ಹತಾರ ಒಪ್ಪಿಸಿ, ಇಲ್ಲವೇ ಪರವಾನಿಗಿ ಪಡೆಯಿರಿ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಹತಾರ ಅಂದ್ರೆ ಬೇಟೆ, ಕಾವಲು, ಮಾನ ಎಲ್ಲ. ಅವರು ಒಪ್ಪಲಿಲ್ಲ. ನವೆಂಬರ ಕೊನೆಗೆ ದಂಡು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರದಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು.

ಹುಕುಮಿನ ಕಾಗದ ಎಲ್ಲಿ ಹೋಯಿತೋ, ಅದಕ್ಕೆ ಜನ ಕೊಟ್ಟ ಉತ್ತರ ಮಾತ್ರ ಲಾವಣಿಯಾಗಿ ಉಳಿಯಿತು. ಅದನ್ನು ಬರೆದಿಟ್ಟು 1885ರಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರು ಯಾರು ಗೊತ್ತೇ? ಜೆ. ಎಫ್. ಫ್ಲೀಟ್. ಬಾದಾಮಿ ಚಾಲುಕ್ಯರಿಂದ ಹಿಡಿದು ಈ ನಾಡಿನ ನೂರಾರು ಶಾಸನಗಳನ್ನು ಓದಿದ, ಆತಕೂರು ಶಾಸನವನ್ನೂ ಸಂಪಾದಿಸಿದ ಅದೇ ಫ್ಲೀಟ್. ಬ್ರಿಟಿಷ್ ಸರ್ಕಾರದ ಅಧಿಕಾರಿಯೊಬ್ಬ, ಆ ಸರ್ಕಾರದ ವಿರುದ್ಧ ಎದ್ದವರ ಹಾಡನ್ನೂ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಶಾಸನದಷ್ಟೇ ಕಾಳಜಿಯಿಂದ ದಾಖಲಿಸಿದ. ಶಾಸನಾಸಕ್ತರಾದ ನಮಗೆ ಇದರಲ್ಲಿ ಒಂದು ಪಾಠ ಇದೆ: ಹುಕುಮು ಒಂದು ಪ್ರತಿ, ಹಾಡು ಇನ್ನೊಂದು ಪ್ರತಿ. ಎರಡನ್ನೂ ಜೋಡಿಸಿ ಓದಿದರೇ ಪಾಠ ಪೂರ್ತಿ.

ಸುರಪುರ: ಬೇಡವೆಂದ ಇನಾಮು

ಸುರಪುರದ ಕಥೆ ಇಲ್ಲಿಯ ಬಹಳ ಜನರಿಗೆ ಗೊತ್ತು, ಆದರೂ ಕ್ರಮವಾಗಿ ಇಡುತ್ತೇನೆ. ನಿಜಾಮನ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಲ್ಲಿ ಇಲ್ಲಿಗೆ ಬಂದ. ಬಾಲಕ ರಾಜಾ ವೆಂಕಟಪ್ಪ ನಾಯಕರ ಪರವಾಗಿ ಆಡಳಿತ ನೋಡಿಕೊಂಡ. ಬೋನಾಳ ಕೆರೆಯ ಅಭಿವೃದ್ಧಿಯಲ್ಲಿ ಆತನ ಕೈ ಇದೆ. ಇವತ್ತು ಅದು ಪಕ್ಷಿಧಾಮ. ರಾಜನಕೋಳೂರು, ವಿಭೂತಿಹಳ್ಳಿ ಕಡೆಯ ಬೃಹತ್ ಶಿಲಾ ಗೋರಿಗಳ, ಸಾಲುಗಲ್ಲುಗಳ ಬಗ್ಗೆ ಮೊದಲು ಬರೆದವನೂ ಅವನೇ. ರಾಜ ಅವನನ್ನು "ಅಪ್ಪಾ" ಅಂತ ಕರೆಯುತ್ತಿದ್ದರು. 1853ರಲ್ಲಿ ಸಂಸ್ಥಾನ ರಾಜರ ಕೈಗೆ ಬಂತು, ಟೇಲರ್ ನಳದುರ್ಗಕ್ಕೆ ಹೋದ.

1858ರ ಆರಂಭದಲ್ಲಿ ರೆಸಿಡೆಂಟನು ಕ್ಯಾಪ್ಟನ್ ರೋಸ್ ಕ್ಯಾಂಪ್‌ಬೆಲ್‌ನನ್ನು ಸುರಪುರಕ್ಕೆ ಕಳಿಸಿದ. ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡ್ಹ್ಯಾಮ್ ದಳದೊಂದಿಗೆ ಬಂದು ಊರ ಬಳಿ ಬೀಡು ಬಿಟ್ಟ. ಫೆಬ್ರವರಿ 7ರ ರಾತ್ರಿ ಆ ಬೀಡಿನ ಮೇಲೆ ಬೇಡರ ದಾಳಿ ಆಯಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ, ಲೆಫ್ಟಿನೆಂಟ್ ಸ್ಟೂವರ್ಟ್ ಸಾಯುವ ಗಾಯ ಪಡೆದ. ಕರ್ನಲ್ ಮಾಲ್ಕಮ್‌ನ ಪಡೆ ಹತ್ತಿರ ಬರುತ್ತಿದ್ದಂತೆ ರಾಜರು ಹೈದರಾಬಾದಿಗೆ ಹೋದರು. ಅಲ್ಲಿ ಸಾಲಾರ್ ಜಂಗನ ಕಡೆಯವರು ಹಿಡಿದು ರೆಸಿಡೆಂಟ್ ಕರ್ನಲ್ ಡೇವಿಡ್‌ಸನ್‌ಗೆ ಒಪ್ಪಿಸಿದರು. ಆಗ ಅವರಿಗೆ ಇಪ್ಪತ್ತನಾಲ್ಕರ ಆಸುಪಾಸಿನ ವಯಸ್ಸು.

ಇಲ್ಲಿ ಇನಾಮಿನ ಇನ್ನೊಂದು ರೂಪ ಕಾಣುತ್ತದೆ. ಸರ್ಕಾರಕ್ಕೆ ರಾಜರು ಸಿಕ್ಕಾಗಿತ್ತು. ಬೇಕಾಗಿದ್ದದ್ದು ಹೆಸರುಗಳು: ಬಂಡಾಯಕ್ಕೆ ಪ್ರಚೋದಿಸಿದವರು ಯಾರು, ಪತ್ರ ಬರೆದವರು ಯಾರು? ಜಾಹೀರಿನಲ್ಲಿ ಹಾಕುವ ರೊಕ್ಕದ ಬದಲು ಇಲ್ಲಿ ಮುಂದಿಟ್ಟದ್ದು ಜೀವ. ಟೇಲರನ ಆತ್ಮಕಥೆಯ ಪ್ರಕಾರ ಸೆರೆಮನೆಯಲ್ಲಿ ಅವನು ಭೇಟಿಯಾಗಿ ಕೇಳಿದಾಗಲೂ, "ಅಪ್ಪಾ" ಎನ್ನುವಷ್ಟು ಸಲಿಗೆ ಇದ್ದರೂ, ರಾಜರು ನಂಬಿದವರ ಹೆಸರು ಬಿಟ್ಟುಕೊಡಲು ಒಪ್ಪಲಿಲ್ಲ. ನಾನಾ ಸಾಹೇಬನ ತಲೆಗೆ ಲಕ್ಷ ರೂಪಾಯಿ ಇಟ್ಟ ವರ್ಷದಲ್ಲೇ, ತನ್ನ ತಲೆ ಉಳಿಸುವ ಇನಾಮನ್ನು ಒಬ್ಬರು ಬೇಡ ಅಂದರು. ಇದಕ್ಕೆ ಯಾವ ಕಲ್ಲೂ ಇಲ್ಲ. ಬರೆದಿಟ್ಟದ್ದು ಎದುರು ಪಕ್ಷದವನ ಪುಸ್ತಕದಲ್ಲಿ.

ಸೇನಾ ನ್ಯಾಯಾಲಯ ಮರಣದಂಡನೆ ಹೇಳಿತು. ರೆಸಿಡೆಂಟ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ. ಗವರ್ನರ್ ಜನರಲ್ ಇನ್ನೂ ಇಳಿಸಿ ಮದ್ರಾಸ್ ಬಳಿಯ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆ ಎಂದ. ಅಲ್ಲಿಗೆ ಒಯ್ಯುವಾಗ, 1858ರ ಮೇ ತಿಂಗಳಲ್ಲಿ, ಹೈದರಾಬಾದಿನಿಂದ ಹೊರಟ ಮೊದಲ ಹಂತದಲ್ಲೇ ರಾಜರು ಪಿಸ್ತೂಲಿನ ಗುಂಡಿನಿಂದ ತೀರಿಕೊಂಡರು. ತಾವೇ ಹಾರಿಸಿಕೊಂಡರು ಎನ್ನುತ್ತದೆ ಇಂಗ್ಲಿಷ್ ದಾಖಲೆ.

ಕ್ಷಮೆಯ ಜಾಹೀರು, ನಾಣ್ಯದ ಜಾಹೀರು

ಅದೇ ವರ್ಷ ನವೆಂಬರ 1ರಂದು ವಿಕ್ಟೋರಿಯಾ ರಾಣಿಯ ಘೋಷಣೆ ಬಂತು. ಕಂಪನಿಯ ಆಳ್ವಿಕೆ ಮುಗಿದು ರಾಣಿಯ ಆಳ್ವಿಕೆ ಶುರು. ದೇಶಭಾಷೆಗಳಿಗೆ ತರ್ಜುಮೆಯಾಗಿ ಊರೂರಲ್ಲಿ ಓದಿಸಿದ ಕಾಗದ ಅದು. ಸಂಸ್ಥಾನಗಳ ಜೊತೆಗಿನ ಒಪ್ಪಂದ ಪಾಲಿಸುತ್ತೇವೆ, ಧರ್ಮದ ವಿಷಯಕ್ಕೆ ಕೈ ಹಾಕುವುದಿಲ್ಲ, 1859ರ ಜನವರಿ 1ರ ಒಳಗೆ ಶರಣಾಗಿ ಮನೆಗೆ ಮರಳಿದವರಿಗೆ ಕ್ಷಮೆ. ಬ್ರಿಟಿಷ್ ಪ್ರಜೆಗಳ ಕೊಲೆಯಲ್ಲಿ ನೇರ ಪಾಲುಗೊಂಡವರಿಗೆ ಈ ಕ್ಷಮೆ ಇಲ್ಲ. ಗಡುವು, ಅರ್ಹತೆ, ಅಪವಾದ, ಎಲ್ಲ ಇರುವ ಪಕ್ಕಾ ನೋಟಿಸು. ಸುರಪುರದ ರಾಜರು ಸತ್ತು ಆಗಲೇ ಐದು ತಿಂಗಳು ದಾಟಿತ್ತು.

ಓದಲು ಬಾರದವರಿಗೂ ತಲುಪಿದ ಇನ್ನೊಂದು ಜಾಹೀರು ನಾಣ್ಯ. 1858ರ ತನಕ ಹೈದರಾಬಾದಿನ ನಾಣ್ಯಗಳ ಮೇಲೆ ದಿಲ್ಲಿಯ ಮೊಗಲ್ ಬಾದಶಹನ ಹೆಸರು. ಬಹಾದ್ದೂರ್ ಶಾಹನನ್ನು ಕೆಳಗಿಳಿಸಿದ ಮೇಲೆ ಆ ಜಾಗಕ್ಕೆ ಆಸಫ್ ಜಾಹ್ ಹೆಸರು ಬಂತು. ನಮ್ಮ ಹಳ್ಳಿಗಳ ಹಳೆ ಮನೆಗಳಲ್ಲಿ ಸಿಗುವ ಹಾಲಿ ಸಿಕ್ಕಾ ರೂಪಾಯಿಗಳನ್ನು ನೋಡುವವರು ಈ ಗೆರೆಯನ್ನು ನೆನಪಿಡಿ. ಅಂಗೈಯಗಲದ ಜಾಗವೂ ಇಲ್ಲದ ಲೋಹದ ಚೂರಿನ ಮೇಲೆ ಒಂದು ಸಾಮ್ರಾಜ್ಯ ಮುಗಿದ ಸುದ್ದಿ ಇದೆ.

ಸುರಪುರವೇ ಇನಾಮು

ದೊರೆ ಇಲ್ಲದ ಸುರಪುರವನ್ನು ಬ್ರಿಟಿಷರು ವಶಕ್ಕೆ ತೆಗೆದುಕೊಂಡರು. ಟೇಲರ್ ಮತ್ತೆ ಬಂದ, ಈ ಸಲ ಆಡಳಿತಾಧಿಕಾರಿಯಾಗಿ. ಆಮೇಲೆ 1860ರ ಡಿಸೆಂಬರದಲ್ಲಿ ನಿಜಾಮನ ಜೊತೆ ಒಪ್ಪಂದ ಆಯಿತು. 1857ರಲ್ಲಿ ಹೈದರಾಬಾದ್ ಕಂಪನಿಯ ಕಡೆ ನಿಂತದ್ದಕ್ಕೆ ಪ್ರತಿಯಾಗಿ ನಿಜಾಮನಿಗೆ ಸಿಕ್ಕದ್ದು: ಸುಮಾರು 50 ಲಕ್ಷ ರೂಪಾಯಿ ಸಾಲ ಮನ್ನಾ, 1853ರಲ್ಲಿ ಕೈತಪ್ಪಿದ್ದ ರಾಯಚೂರು ದೋಆಬ್ ಮತ್ತು ನಳದುರ್ಗ ಪ್ರದೇಶ ವಾಪಸು, ಮತ್ತು ಪೂರ್ಣ ಅಧಿಕಾರದೊಂದಿಗೆ ಸುರಪುರ ಸೀಮೆ. 1861ರಲ್ಲಿ ಸ್ಟಾರ್ ಆಫ್ ಇಂಡಿಯಾ ಬಿರುದೂ ಬಂತು.

ಈಗ ಆತಕೂರು ಶಾಸನವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಯುದ್ಧದಲ್ಲಿ ನೆರವಾದ ಸಾಮಂತನಿಗೆ ಚಕ್ರವರ್ತಿ ನಾಡುಗಳನ್ನು ಕೊಟ್ಟ. ಬನವಾಸಿ 12000 ಬೂತುಗನಿಗೆ ಹೋದ ಹಾಗೆಯೇ ಸುರಪುರ ನಿಜಾಮನಿಗೆ ಹೋಯಿತು. ಸಾಮಾನ್ಯನ ಎದುರು ರೊಕ್ಕದ ಟೆಂಡರು ಹಿಡಿದ ಅದೇ ಸರ್ಕಾರ, ದೊರೆಗಳ ಜೊತೆ ವ್ಯವಹರಿಸುವಾಗ ಒಂಬೈನೂರು ವರ್ಷ ಹಳೆಯ ಕೊಡುಗೆಯ ಪದ್ಧತಿಯನ್ನೇ ಬಳಸಿತು. ಕೆಲಸ ಮುಗಿದ ಮೇಲೆ ಭೂಮಿ, ಪಡೆದವನ ಹೆಸರಿಗೆ, ವಂಶಕ್ಕೆ. ಕೃಷ್ಣಾ ಭೀಮೆಯರ ನಡುವಿನ ಈ ಸೀಮೆಯ ಊರುಗಳು, ಕೆರೆಗಳು, ಜನರು ಒಂದು ಬಹುಮಾನದ ಪಟ್ಟಿಯ ಒಂದು ಸಾಲು ಆದರು. 1948ರ ಸೆಪ್ಟೆಂಬರದ ತನಕ ನಾವು ನಿಜಾಮನ ಪ್ರಜೆಗಳಾಗಿ ಉಳಿದದ್ದರ ಹಿಂದೆ ಆ ಸಾಲು ಇದೆ. ಇನಾಮು ಅಂದ್ರೆ ಯಾವಾಗಲೂ ಯಾರದೋ ತಲೆಯ ಬೆಲೆ ಅಂತ ತಿಳಿಯಬಾರದು. ಕೆಲವು ಸಲ ಅದು ನಾವು ನಿಂತ ನೆಲ.

ಓದುವ ಬಗೆ

ಸಾಮಾಜಿಕ ಜಾಲತಾಣಗಳಲ್ಲಿ "ನಮ್ಮ ನಾಯಕರ ತಲೆಗೆ ಬ್ರಿಟಿಷರು ಇಷ್ಟು ಲಕ್ಷ ಇಟ್ಟಿದ್ದರು" ಎನ್ನುವ ಚಿತ್ರಗಳು ಓಡಾಡುತ್ತಿರುತ್ತವೆ. ಅಭಿಮಾನ ಇರಲಿ. ಆದರೆ ಹಂಚುವ ಮುಂಚೆ ಶಾಸನಕ್ಕೆ ಕೇಳುವ ಪ್ರಶ್ನೆಗಳನ್ನೇ ಅದಕ್ಕೂ ಕೇಳಿ.

ಹೊರಡಿಸಿದವರು ಯಾರು? ಕಂಪನಿಯೋ, ನಿಜಾಮನ ದಿವಾನನೋ, ಸಂಸ್ಥಾನವೋ? ಸಹಿ ಅಥವಾ ಮೊಹರು ಇದೆಯೇ?

ತೇದಿ ಯಾವ ಲೆಕ್ಕದ್ದು? ನಿಜಾಮ ಸೀಮೆಯ ಕಾಗದದಲ್ಲಿ ಫಸಲಿ ಇದ್ದರೆ 590 ಕೂಡಿಸಿ, ಕ್ರಿಸ್ತ ವರ್ಷದ ಹತ್ತಿರ ಬರುತ್ತೀರಿ. ಶಕ ವರ್ಷವಾದರೆ 78. ಹಿಜರಿ ಚಾಂದ್ರಮಾನದ ವರ್ಷ, ಅದಕ್ಕೆ ಹೀಗೆ ಒಂದೇ ಅಂಕಿ ಕೂಡಿಸಿ ಲೆಕ್ಕ ಮಾಡಲು ಬರುವುದಿಲ್ಲ, ಪಟ್ಟಿ ನೋಡಲೇಬೇಕು.

ಭಾಷೆ ಮತ್ತು ಲಿಪಿ ಕಾಲಕ್ಕೆ ಹೊಂದುತ್ತದೆಯೇ? ಹೈದರಾಬಾದಿನ ಆಡಳಿತ ಭಾಷೆ 1884ರ ಸುಮಾರಿನ ತನಕ ಪಾರಸಿ, ಆಮೇಲೆ ಉರ್ದು. ಲೆಕ್ಕಪತ್ರದಲ್ಲಿ ಮೋಡಿ ಲಿಪಿ ಸಾಮಾನ್ಯ. 1858ರ ಕಾಗದ ಅಂತ ತೋರಿಸಿದ ಚಿತ್ರದಲ್ಲಿ ಇವತ್ತಿನ ಕಂಪ್ಯೂಟರ್ ಅಕ್ಷರದ ಕನ್ನಡ ಇದ್ದರೆ ಮುಂದೆ ಹೇಳುವುದು ಏನೂ ಇಲ್ಲ.

ಷರತ್ತು ಏನು? ಜೀವಂತವೋ, ಹೇಗಾದರೂ ಸರಿಯೋ? ಕ್ಷಮೆ ಇದೆಯೇ? ಬರೀ ಮೊತ್ತ ಹೇಳಿ ಷರತ್ತು ಹೇಳದ ಜಾಹೀರು ಅನುಮಾನಕ್ಕೆ ಅರ್ಹ.

ಕೊನೆಯದು, ದುಡ್ಡು ಸಂದಾಯ ಆಯಿತೇ? ಜಾಹೀರು ಆಸೆಯನ್ನು ಹೇಳುತ್ತದೆ, ಖಜಾನೆಯ ಲೆಕ್ಕ ಆದದ್ದನ್ನು ಹೇಳುತ್ತದೆ.

ಇನ್ನೂ ಒಂದು ಮಾತು. ಇನಾಮಿನ ಮೊತ್ತ ನೋಡಿ ವೀರರ ತೂಕ ಹಾಕುವುದು ಬೇಡ. ಕುಂವರ್ ಸಿಂಗ್ ಮೇಲೆ ನಾನಾ ಸಾಹೇಬನ ಕಾಲು ಭಾಗ ಇಟ್ಟರು ಅಂತ ಅವರ ಹೋರಾಟ ಕಾಲು ಭಾಗ ಆಗುವುದಿಲ್ಲ. ಹಲಗಲಿಯ 19 ಮಂದಿಯ ಮೇಲೆ ಯಾರೂ ಇನಾಮು ಇಡಲಿಲ್ಲ, ಅವರ ಲಾವಣಿ ಇನ್ನೂ ಇದೆ.

ಗುಟ್ಟನ್ನು ಡಂಗುರ ಸಾರುವವರು ಉಂಟೇ?

ಹತ್ತೊಂಬತ್ತನೇ ಶತಮಾನದ ಇನ್ನೊಂದು ಬಗೆಯ ನೋಟಿಸು ಮತ್ತು ಬಹುಮಾನ ನಮ್ಮ ಹವ್ಯಾಸಕ್ಕೆ ನೇರ ಸಂಬಂಧಿಸಿದ್ದು. 1878ರ ನಿಧಿ ಕಾಯ್ದೆ. ಮಣ್ಣಿನಲ್ಲಿ ಹುದುಗಿದ್ದು, 10 ರೂಪಾಯಿಗಿಂತ ಹೆಚ್ಚಿನ ಬೆಲೆಯದ್ದು ಸಿಕ್ಕರೆ ಸಿಕ್ಕವನು ಕಲೆಕ್ಟರಿಗೆ ಬರೆದು ತಿಳಿಸಬೇಕು. ಕಲೆಕ್ಟರು ಜಾಹೀರು ಹೊರಡಿಸಿ, ಹಕ್ಕು ಇದ್ದವರು ಬನ್ನಿ ಅಂತ ನಾಲ್ಕರಿಂದ ಆರು ತಿಂಗಳೊಳಗಿನ ಒಂದು ದಿನ ಗೊತ್ತು ಮಾಡಬೇಕು. ನಿಧಿಗೆ ವಾರಸುದಾರ ಇಲ್ಲ ಎಂದಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಸಿಕ್ಕವನಿಗೆ ನಾಲ್ಕರಲ್ಲಿ ಮೂರು ಪಾಲು, ಜಮೀನಿನವನಿಗೆ ಒಂದು ಪಾಲು. ಸರ್ಕಾರಕ್ಕೇ ಬೇಕಾದರೆ ಲೋಹದ ಬೆಲೆಯ ಮೇಲೆ ಐದರಲ್ಲಿ ಒಂದು ಭಾಗ ಹೆಚ್ಚು ಕೊಟ್ಟು ಕೊಳ್ಳಬಹುದು. ಮುಚ್ಚಿಟ್ಟವನಿಗೆ ಶಿಕ್ಷೆ. ಇದು ಬ್ರಿಟಿಷ್ ಸೀಮೆಯ ಕಾಯ್ದೆ. ಈಗ ನಮ್ಮ ರಾಜ್ಯಕ್ಕೆ 1962ರ ಕಾಯ್ದೆ ಇದೆ.

ಈ ಕಾಯ್ದೆಯ ಬೆನ್ನಿಗೇ ಒಂದು ರೋಗವೂ ಇದೆ. ಶಾಸನದ ಕಲ್ಲಿನಲ್ಲಿ ನಿಧಿಯ ಗುಟ್ಟು ಬರೆದಿದ್ದಾರೆ ಎನ್ನುವ ನಂಬಿಕೆ. "ಸರ, ಇದರಾಗ ಬಂಗಾರ ಎಲ್ಲೈತಿ ಅಂತ ಬರದಾರಂತಲ್ಲ?" ಈ ಪ್ರಶ್ನೆ ಕೇಳದ ಊರಿಲ್ಲ. ನಿಧಿಗಳ್ಳರು ಕಲ್ಲನ್ನು ಕಿತ್ತು, ಅಡಿಯಲ್ಲಿ ಅಗೆದು, ಏನೂ ಸಿಗದೆ ಒಡೆದು ಹೋಗುತ್ತಾರೆ. ಸಾವಿರ ವರ್ಷ ಮಳೆ ಬಿಸಿಲಿಗೆ ಜಗ್ಗದ ಕಲ್ಲು ಒಂದು ರಾತ್ರಿಯ ಹಾರೆಗೆ ಹೋಗುತ್ತದೆ.

ಅವರಿಗೆ ಕಾಯ್ದೆ ಹೇಳುವುದಕ್ಕಿಂತ ಈ ಲೇಖನದ ಮೊದಲ ಸಾಲು ಹೇಳುವುದು ಒಳ್ಳೆಯದು. ಶಾಸನ ಅಂದ್ರೆ ಊರಿಗೆಲ್ಲ ಹಾಕಿದ ನೋಟಿಸು. ಬಂಗಾರ ಹೂತಿಟ್ಟವನು ಗುಡಿಯ ಮುಂದೆ, ಎಲ್ಲರೂ ಓಡಾಡುವ ಜಾಗದಲ್ಲಿ, ಆಳೆತ್ತರದ ಕಲ್ಲಿನ ಮೇಲೆ ಅದನ್ನು ಬರೆಸುತ್ತಾನೆಯೇ? ಗುಟ್ಟನ್ನು ಡಂಗುರ ಸಾರುವವರು ಉಂಟೇ? ಹಸುವಿನ ಕೆಚ್ಚಲಿಗೆ ಬಾಯಿಟ್ಟ ಕರು, ಸೂರ್ಯ, ಚಂದ್ರ, ಇವು ಗುಪ್ತ ಸಂಕೇತಗಳಲ್ಲ. ಇದು ಪವಿತ್ರ ದತ್ತಿ, ಸೂರ್ಯ ಚಂದ್ರರಿರುವ ತನಕ ನಡೆಯಬೇಕು ಎಂಬ ಅವಧಿಯ ಗುರುತು. ಓದು ಬಾರದವನಿಗೂ ತಿಳಿಯಲಿ ಅಂತ ಮಾಡಿದ ಚಿತ್ರ.

ಕಲ್ಲಿನಲ್ಲಿ ಇರುವುದು ಕೊಟ್ಟಾದ ಬಹುಮಾನದ ಲೆಕ್ಕ. ಯಾರೋ ಕೆರೆ ಕಟ್ಟಿದರು, ಯಾರೋ ದನ ಬಿಡಿಸಿ ಸತ್ತರು, ಊರು ಅವರಿಗೆ ಭೂಮಿ ಬಿಟ್ಟಿತು. ಆ ಸಂದಾಯ ಮುಗಿದು ನೂರಾರು ವರ್ಷ ಆಯಿತು. ಉಳಿದಿರುವುದು ರಸೀದಿ ಮಾತ್ರ, ಅದು ಊರಿನ ಹೆಸರಿಗೆ ಇದೆ. ನಿಮ್ಮೂರಿನ ಕಲ್ಲಿನ ಬಳಿ ಯಾರಾದರೂ ಹೊಸದಾಗಿ ಅಗೆದ ಮಣ್ಣು ಕಂಡರೆ ಪಂಚಾಯಿತಿಗೆ, ಠಾಣೆಗೆ, ಪುರಾತತ್ವ ಇಲಾಖೆಗೆ ಅವತ್ತೇ ತಿಳಿಸಿ. ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಜಾಹೀರು, ಸನದು, ಮೋಡಿ ಕಾಗದ ಇದ್ದರೆ ಒಲೆಗೆ ಹಾಕುವ ಮುಂಚೆ ಒಂದು ಫೋಟೊ ತೆಗೆಯಿರಿ. ಸುರಪುರದ 1858ಕ್ಕೆ ನಮ್ಮ ಕಡೆಯಿಂದ ಬರೆದಿಟ್ಟ ಮಾತು ಇನ್ನೂ ಸಿಗಬೇಕಾಗಿದ್ದರೆ, ಅದು ಅಂಥ ಗಂಟಿನಲ್ಲೇ ಇರುವುದು ಸಾಧ್ಯ.